ಹಾಸಿಗೆ ಹಿಡಿದವರ ಕೋಣೆ ತೋರಿಸಿ ಎಂದು ಕೇಳಿ

ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುವ ಬಗ್ಗೆ ಹೋದ ಸಲ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ "ಮನೆಯಲ್ಲಿ ಆಗುತ್ತಿಲ್ಲ, ಎಲ್ಲಿ ಸೇರಿಸುವುದು" ಎಂದೇ ಕೇಳಿದ್ದಾರೆ. ಹೆಸರು ಬೇಡ ಎಂದು ಹೆಚ್ಚಿನವರು ಹೇಳಿರುವುದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮ ತಾಯಿಗೆ 76 ವರ್ಷ. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ತೊದಲುತ್ತದೆ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಗೆ ಇಟ್ಟುಕೊಂಡ ಮೂವರು ಕೇರ್‌ಟೇಕರ್‌ಗಳೂ ಬಿಟ್ಟುಹೋದರು. ಬೆಂಗಳೂರಿನಲ್ಲಿ ಮೂರು ಆರೈಕೆ ಕೇಂದ್ರ ನೋಡಿ ಬಂದೆವು, ಮೂರೂ ಚೆನ್ನಾಗಿಯೇ ಕಾಣುತ್ತವೆ. ಒಂದರಲ್ಲಿ ತಿಂಗಳಿಗೆ 45,000 ರೂಪಾಯಿ, ಒಂದು ಲಕ್ಷ ಡಿಪಾಸಿಟ್ ಕೇಳುತ್ತಿದ್ದಾರೆ. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯುವುದು? (ತುಮಕೂರು)

ಉತ್ತರ: ಮೂರೂ ಚೆನ್ನಾಗಿ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಮೊದಲೇ ಫೋನ್ ಮಾಡಿ, ಟೈಮ್ ಕೇಳಿಕೊಂಡು, ರಜೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿರುತ್ತೀರಿ, ಅಲ್ವಾ? ಆ ಹೊತ್ತಿಗೆ ಎಲ್ಲರಿಗೂ ಸ್ನಾನ ಆಗಿರುತ್ತದೆ, ನೆಲ ಒರೆಸಿರುತ್ತಾರೆ, ಓಡಾಡುವ ಶಕ್ತಿ ಇರುವ ನಾಲ್ಕು ಜನ ಟಿವಿ ಮುಂದೆ ಕೂತಿರುತ್ತಾರೆ. ನಿಮ್ಮ ತಾಯಿ ಸದ್ಯಕ್ಕೆ ಆ ನಾಲ್ವರ ಜೊತೆ ಕೂರುವವರಲ್ಲ. ಅವರು ಇರುವುದು ಒಳಗಿನ ಕೋಣೆಯಲ್ಲಿ. ಹಾಗಾಗಿ ಆ ಕೋಣೆಯನ್ನೇ ನೋಡಬೇಕು. "ಹಾಸಿಗೆ ಹಿಡಿದವರು ಎಲ್ಲಿದ್ದಾರೆ, ತೋರಿಸಿ" ಎಂದು ನೇರವಾಗಿ ಕೇಳಿ. ಬೇರೆ ರೋಗಿಗಳಿಗೆ ಮುಜುಗರ ಆಗುತ್ತದೆ ಎಂದು ಹೇಳಬಹುದು, ಆ ಮಾತು ಸುಳ್ಳೂ ಅಲ್ಲ. ಬಾಗಿಲಲ್ಲಿ ನಿಂತು ಎರಡು ನಿಮಿಷ ನೋಡಿದರೂ ಸಾಕು. ಅದಕ್ಕೂ ಒಪ್ಪದಿದ್ದರೆ ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇಪ್ಪತ್ತಾರು ವರ್ಷ ಸಿಸ್ಟರ್ ಆಗಿ ಕೆಲಸ ಮಾಡಿದವಳು ನಾನು. ನನ್ನ ಅತ್ತೆಯವರು ಸೊಂಟ ಮುರಿದುಕೊಂಡಾಗ ಒಂದು ಕೇಂದ್ರಕ್ಕೆ ಸೇರಿಸಿದ್ದೆವು. ಪ್ರತಿ ಭಾನುವಾರ ಹೋಗುತ್ತಿದ್ದೆವು. ತಲೆ ಬಾಚಿ, ಹಣೆಗೆ ಇಟ್ಟು, ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿ ಕೂರಿಸಿರುತ್ತಿದ್ದರು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನಾವೇ ಹೊಗಳಿದ್ದೂ ಉಂಟು. ಆರನೇ ವಾರ ಏನೋ ಕೆಲಸಕ್ಕೆಂದು ಆ ಕಡೆ ಹೋದವಳು ಬುಧವಾರ ಸಂಜೆ ಒಳಗೆ ಹೋದೆ. ಕಾಲಿಗೆ ಎಣ್ಣೆ ಹಚ್ಚೋಣ ಅಂತ ಸಾಕ್ಸ್ ತೆಗೆದೆ. ಎಡ ಹಿಮ್ಮಡಿ ಕಪ್ಪಾಗಿತ್ತು. ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕಪ್ಪು. ಅಂಥ ಹುಣ್ಣು ಒಂದು ದಿನದಲ್ಲಿ ಆಗುವುದಲ್ಲ. ಅವರನ್ನು ಮಗ್ಗುಲು ಬದಲಿಸದೆ, ಕಾಲ ಕೆಳಗೆ ದಿಂಬು ಇಡದೆ ಎಷ್ಟೋ ದಿನ ಹಾಗೇ ಮಲಗಿಸಿದ್ದರು. ಅದು ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ಭಾನುವಾರ ಹೋಗಿಯೂ ಒಂದು ಸಲ ಸಾಕ್ಸ್ ತೆಗೆದು ನೋಡಲಿಲ್ಲವಲ್ಲ ಎಂಬ ನೋವು ಇವತ್ತಿಗೂ ನನಗೆ ಹೋಗಿಲ್ಲ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಹಾಸಿಗೆ ಹುಣ್ಣಿನ ಬಗ್ಗೆಯೇ ಇರಲಿ. "ಈಗ ಇಲ್ಲಿ ಎಷ್ಟು ಜನರಿಗೆ ಬೆಡ್ ಸೋರ್ ಇದೆ? ಎಷ್ಟು ಜನ ಬರುವಾಗಲೇ ತಂದಿದ್ದು, ಎಷ್ಟು ಜನರಿಗೆ ಇಲ್ಲೇ ಆಗಿದ್ದು?" ಯಾರಿಗೂ ಇಲ್ಲ ಎನ್ನುವ ಜಾಗಕ್ಕಿಂತ, "ಇಬ್ಬರಿಗಿದೆ, ಆಸ್ಪತ್ರೆಯಿಂದ ಬರುವಾಗಲೇ ಇತ್ತು, ಹೀಗೆ ಡ್ರೆಸ್ಸಿಂಗ್ ಮಾಡುತ್ತಿದ್ದೇವೆ" ಎಂದು ಬಿಡಿಸಿ ಹೇಳುವ ಜಾಗವನ್ನು ನಾನು ಜಾಸ್ತಿ ನಂಬುತ್ತೇನೆ. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಅದನ್ನು ಬರೆದಿಡುವ ಚಾರ್ಟ್ ಇರುತ್ತದೆ, ತೋರಿಸಲು ಹೇಳಿ. ಒಂದು ವಾರದ್ದೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಕೂತಲ್ಲೇ ತುಂಬಿಸಿದ್ದಾರೆ ಎಂದು ಅರ್ಥ. ಮಧ್ಯಾಹ್ನ ಮೂರಕ್ಕೇ ರಾತ್ರಿ ಎಂಟರ ಸಾಲಿಗೂ ಟಿಕ್ ಬಿದ್ದಿರುವ ಚಾರ್ಟನ್ನೂ ನಾನು ನೋಡಿದ್ದೇನೆ.

ಎರಡನೇ ಸಲ ಹೋಗುವಾಗ ಹೇಳದೆ ಹೋಗಿ. ಸಂಜೆ ಊಟದ ಹೊತ್ತಿಗೆ ಹೋಗಿ. ಕೆಲವು ಕಡೆ ಐದೂವರೆಗೇ ಊಟ ಮುಗಿಸಿ ದೀಪ ಆರಿಸಿಬಿಡುತ್ತಾರೆ, ಮತ್ತೆ ತಿಂಡಿ ಬೆಳಿಗ್ಗೆ ಎಂಟಕ್ಕೆ. ಹದಿನಾಲ್ಕೂವರೆ ಗಂಟೆ ಹೊಟ್ಟೆ ಖಾಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಊಟ ತಿನ್ನಿಸುವುದನ್ನು ನಿಂತು ನೋಡಿ. ಲಕ್ವ ಆದವರಿಗೆ ನುಂಗುವುದು ಕಷ್ಟ ಇರಬಹುದು, ಆಗ ಅನ್ನ, ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಪೂರ್ತಿ ಎಬ್ಬಿಸಿ ಕೂರಿಸಿ, ಚಿಕ್ಕ ಚಿಕ್ಕ ತುತ್ತು ಕೊಟ್ಟು, ಊಟ ಆದಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಒಬ್ಬರಿಗೆ ತಿನ್ನಿಸಲು ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಹತ್ತು ಜನರಿಗೆ ತಿನ್ನಿಸಬೇಕು, ಇರುವವರು ಇಬ್ಬರು ಎಂದರೆ ಒಬ್ಬೊಬ್ಬರಿಗೂ ನೂರು ನಿಮಿಷದ ಕೆಲಸ. ಅಷ್ಟು ಹೊತ್ತು ಅವರಿಗೆ ಸಿಗುತ್ತದಾ? ಸಿಗದ ಕಡೆ ಮಲಗಿಸಿಯೇ ಸುರಿಯುತ್ತಾರೆ, ಇಲ್ಲವೇ ತಮಗೆ ಸುಲಭ ಆಗಲಿ ಅಂತ ಮೂಗಿಗೆ ನಳಿಕೆ ಹಾಕಿಸಿ ಎನ್ನುತ್ತಾರೆ. ನಿಮ್ಮ ತಾಯಿಗೆ ನಳಿಕೆ ಬೇಕೇ ಎಂದು ಹೇಳಬೇಕಾದವರು ಅವರನ್ನು ನೋಡುವ ಡಾಕ್ಟರ್.

ನೀರಿನ ಲೋಟ ಎಲ್ಲಿದೆ ನೋಡಿ. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಬಲಗೈ ಬಿದ್ದುಹೋದವರ ಬಲಗಡೆ ಲೋಟ, ಕರೆಗಂಟೆ ಇಟ್ಟರೆ ಎರಡೂ ಇಲ್ಲದ ಲೆಕ್ಕ. ನಾನು ಯಾವ ಕೇಂದ್ರಕ್ಕೆ ಹೋದರೂ ಇದನ್ನು ನೋಡಿಯೇ ನೋಡುತ್ತೇನೆ. ಎಡಗಡೆ ಇಟ್ಟಿದ್ದಾರೆ ಎಂದರೆ ಅಲ್ಲಿ ಯಾರೋ ಒಬ್ಬರು ಆ ರೋಗಿಯನ್ನು ಮನುಷ್ಯರು ಅಂತ ನೋಡಿದ್ದಾರೆ. ಉಗುರು, ಬಾಯಿ, ಕಣ್ಣಿನ ಪಿಸಿರು ಕೂಡ ಹಾಗೇ. ಮೂಗಿಗೆ ಉಚ್ಚೆ ವಾಸನೆ ಬಡಿದರೆ ತಕ್ಷಣ ಬೇಡ ಎನ್ನಬೇಡಿ, ಯಾರಿಗೋ ಆಗತಾನೇ ಆಗಿರಬಹುದು. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಜಾಗಕ್ಕೆ ಹೋಗಿ. ಆಗಲೂ ಇದ್ದರೆ ಯೋಚಿಸಿ. ಕಣ್ಣು ಉರಿಯುವಷ್ಟು ಫಿನಾಯಿಲ್ ವಾಸನೆಯೂ ಒಳ್ಳೆಯ ಗುರುತಲ್ಲ.

ಇನ್ನು ಸಿಬ್ಬಂದಿ. ನಮ್ಮಲ್ಲಿ ಬಿಳಿ ಬಟ್ಟೆ ಹಾಕಿದವರನ್ನೆಲ್ಲ ಸಿಸ್ಟರ್, ಬ್ರದರ್ ಎಂದೇ ಕರೆಯುತ್ತೇವೆ. ಅವರಲ್ಲಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದ ನರ್ಸ್ ಎಷ್ಟು, ಕೆಲವೇ ವಾರ ತರಬೇತಿ ಪಡೆದ ಆಯಾಗಳು ಎಷ್ಟು ಎಂದು ಬಿಡಿಸಿ ಕೇಳಿ. ಜಿಎನ್‌ಎಂ ಎಂದರೆ ಮೂರು ವರ್ಷದ ನರ್ಸಿಂಗ್ ಕೋರ್ಸ್. ಆಯಾಗಳು ಕಡಿಮೆ ಎಂದು ನಾನು ಹೇಳುತ್ತಿಲ್ಲ, ದಿನವಿಡೀ ಎತ್ತಿ ಇಳಿಸುವವರು ಅವರೇ. ಆದರೆ ಇನ್ಸುಲಿನ್ ಕೊಡುವುದು, ನಳಿಕೆ ಬದಲಿಸುವುದು ಅವರ ಕೆಲಸ ಅಲ್ಲ. ಹಗಲಿನ ಲೆಕ್ಕ ಬೇಡ, ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ ಎಂದು ಕೇಳಿ. ಅವರಿಗೆ ಎಷ್ಟು ಗಂಟೆಯ ಪಾಳಿ, ವಾರಕ್ಕೆ ರಜೆ ಇದೆಯಾ, ಎಷ್ಟು ದಿನದಿಂದ ಇಲ್ಲಿದ್ದಾರೆ ಎಂದೂ ಒಂದಿಬ್ಬರು ಆಯಾಗಳ ಜೊತೆ ಮಾತಾಡಿ ತಿಳಿದುಕೊಳ್ಳಿ. ಎಲ್ಲರೂ ಹೋದ ತಿಂಗಳು ಸೇರಿದವರೇ ಆಗಿದ್ದರೆ ಹಳಬರು ಯಾಕೆ ಬಿಟ್ಟರು ಎಂಬ ಪ್ರಶ್ನೆ ಬರುತ್ತದೆ.

ನೋಂದಣಿ ಪತ್ರದ ಬಗ್ಗೆ ಒಂದು ಮಾತು. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು, ಆ ಪತ್ರವನ್ನು ಎದ್ದು ಕಾಣುವಂತೆ ತೂಗುಹಾಕಿರಬೇಕು. ಮುದುಕರನ್ನು ಇಟ್ಟುಕೊಂಡು ಆರೈಕೆ ಮಾಡುವ ಎಲ್ಲ ಜಾಗಗಳೂ ಆ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಬರೀ ಟ್ರಸ್ಟ್ ನೋಂದಣಿ ತೋರಿಸುತ್ತವೆ. ಟ್ರಸ್ಟ್ ಇದೆ ಎನ್ನುವುದಕ್ಕೆ ಅದು ಸಾಕ್ಷಿ, ಆರೈಕೆಗೆ ಅಲ್ಲ. ಇಂಜೆಕ್ಷನ್, ಡ್ರಿಪ್ ಎಲ್ಲ ಕೊಡುತ್ತೇವೆ ಎನ್ನುವವರನ್ನು ಯಾವ ಕಾಯ್ದೆಯಡಿ ನೋಂದಣಿ, ಡಾಕ್ಟರ್ ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಏನಾದರೂ ಆದರೆ ಯಾವ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿ.

ದುಡ್ಡಿನ ವಿಷಯ. 45,000ದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಡೈಪರ್ ಸೇರಿಲ್ಲ ಎಂದರೆ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120, ಒಂದಕ್ಕೆ 40 ರೂಪಾಯಿ ಎಂದುಕೊಂಡರೂ 4,800. ಔಷಧಿ, ಫಿಸಿಯೋ, ಆಂಬ್ಯುಲೆನ್ಸ್ ಬೇರೆ. ಲಕ್ವದ ನಂತರ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ ಚೇತರಿಕೆ ಆಗುವುದು, ಹಾಗಾಗಿ ಫಿಸಿಯೋ ವಾರಕ್ಕೆ ಎಷ್ಟು ದಿನ, ಒಬ್ಬರಿಗೇ ಎಷ್ಟು ನಿಮಿಷ ಎಂದು ಕೇಳದೆ ಬಿಡಬೇಡಿ. ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಬಾಡಿಗೆ ಹಿಡಿಯುತ್ತಾರಾ? ಬಿಟ್ಟು ಬರಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು? ಅವರು ತೀರಿಕೊಂಡರೆ ಡಿಪಾಸಿಟ್ ಯಾವಾಗ ಬರುತ್ತದೆ? ಕೇಳಲು ಬಾಯಿ ಬರುವುದಿಲ್ಲ, ಗೊತ್ತು. ಆದರೂ ಕೇಳಿ. ಹದಿನೈದು ದಿನ ಇಟ್ಟು ನೋಡುತ್ತೇವೆ, ಆಮೇಲೆ ಡಿಪಾಸಿಟ್ ಕೊಡುತ್ತೇವೆ ಎಂದರೆ ಕೆಲವರು ಒಪ್ಪುತ್ತಾರೆ.

ಪ್ರಶ್ನೆ: ಅಪ್ಪನಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಹೊರಗೆ ಹೋಗುತ್ತಾರೆ, ಕೆಲವೊಮ್ಮೆ ಹೊಡೆಯಲು ಬರುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ, ಇಲ್ಲಿಯೇ ಸೇರಿಸಬೇಕೆಂದಿದ್ದೇನೆ. ವಿಚಾರಿಸಿದ ಕಡೆ "ತೊಂದರೆ ಇಲ್ಲ, ನಾವು ಮ್ಯಾನೇಜ್ ಮಾಡುತ್ತೇವೆ" ಎನ್ನುತ್ತಾರೆ. ನಂಬಬಹುದಾ? (ಮೂಲ ಊರು ಹುಬ್ಬಳ್ಳಿ)

ಉತ್ತರ: "ಹೇಗೆ ಮ್ಯಾನೇಜ್ ಮಾಡುತ್ತೀರಿ?" ಎಂದು ಕೇಳಿ ಸುಮ್ಮನಾಗಿ. ಉತ್ತರ ಅವರೇ ಕೊಡಲಿ. ಕೈ ಕಟ್ಟುವುದು, ಬಾಗಿಲು ಹಾಕಿ ಬೀಗ ಹಾಕುವುದು, ನಿದ್ದೆ ಬರುವ ಮಾತ್ರೆ ಕೊಡುವುದು, ಈ ಮೂರರಲ್ಲೇ ಮಾತು ಮುಗಿದರೆ ಅದು ನಿಮ್ಮ ಅಪ್ಪನಿಗೆ ಸರಿಯಾದ ಜಾಗ ಅಲ್ಲ. ಸಂಜೆ ಹೊತ್ತು ಅವರಿಗೆ ತಳಮಳ ಜಾಸ್ತಿ ಆದಾಗ ಯಾರಾದರೂ ಜೊತೆಗೆ ನಡೆಯುತ್ತಾರಾ? ಬೇಲಿಯೊಳಗೆ ಓಡಾಡಲು ಜಾಗ ಇದೆಯಾ? ಹೊಡೆಯಲು ಬಂದರೆ ಮೊದಲು ಏನು ನೋಡುತ್ತಾರೆ? ಒಳ್ಳೆಯ ಕಡೆ "ನೋವಿದೆಯಾ, ಮಲ ಕಟ್ಟಿದೆಯಾ, ಮೂತ್ರದ ಸೋಂಕಾ ಎಂದು ನೋಡುತ್ತೇವೆ" ಎನ್ನುತ್ತಾರೆ. ಬಾಯಿಬಿಟ್ಟು ಹೇಳಲಾಗದ ನೋವು ಸಿಟ್ಟಾಗಿ ಹೊರಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮಾತ್ರೆಯ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಕ್ವಿಟಿಯಾಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಇಂಥ ಮನೋರೋಗದ ಮಾತ್ರೆಗಳು ಕೆಲವರಿಗೆ ಬೇಕಾಗುತ್ತವೆ. ಆದರೆ ಮರೆವಿನ ಕಾಯಿಲೆ ಇರುವ ವಯಸ್ಸಾದವರಲ್ಲಿ ಈ ಗುಂಪಿನ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಲು ಶುರು ಮಾಡಿತ್ತು. ಡಾಕ್ಟರ್ ಬರೆಯದೆ, ನಿಮಗೆ ಹೇಳದೆ ಒಂದು ಹೊಸ ಮಾತ್ರೆಯನ್ನೂ ಶುರು ಮಾಡಬಾರದು ಎಂದು ಸೇರಿಸುವಾಗಲೇ ಬರೆದುಕೊಡಿ. ನೀವು ಹೋದಾಗಲೆಲ್ಲ ಹಗಲೂ ನಿದ್ದೆಯಲ್ಲೇ ಇದ್ದರೆ ಔಷಧಿ ಪಟ್ಟಿ ಕೇಳಿ ಪಡೆಯಿರಿ.

ಭಾಷೆಯನ್ನೂ ನೋಡಿ. ಬೆಂಗಳೂರಿನ ಎಷ್ಟೋ ಕೇಂದ್ರಗಳಲ್ಲಿ ಆರೈಕೆ ಮಾಡುವ ಹುಡುಗ ಹುಡುಗಿಯರು ಬೇರೆ ರಾಜ್ಯದಿಂದ ಬಂದವರು. ಪಾಪ, ಕಷ್ಟಪಟ್ಟು ಕನ್ನಡ ಕಲಿತಿರುತ್ತಾರೆ. ಆದರೆ ನಿಮ್ಮ ತಂದೆ "ನೀರಡಿಕಿ ಆಗೇತಿ" ಎಂದರೆ ಅವರಿಗೆ ತಿಳಿಯಬೇಕಲ್ಲ? ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಹೋಗುವುದುಂಟು, ಕೊನೆಗೆ ಉಳಿಯುವುದು ಮನೆಮಾತು. ಅದಕ್ಕೇ ಹುಬ್ಬಳ್ಳಿ, ಧಾರವಾಡದ ಕಡೆ ಸಿಗುತ್ತದಾ ಎಂದೂ ನೋಡಿ. ಅಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ, ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಿ, ಕಾಯಿಲೆ ಯಾವ ಹಂತದಲ್ಲಿದೆ ಎಂದು ತಿಳಿದುಕೊಂಡು ಆಮೇಲೆ ಜಾಗ ಹುಡುಕಿ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾಕ್ಕೆಂದೇ ಕೇಂದ್ರ ನಡೆಸುತ್ತದೆ. ಅಲ್ಲಿ ಸೇರಿಸದಿದ್ದರೂ ಇಂಥ ಕೇಂದ್ರ ಹೇಗಿರುತ್ತದೆ ಎಂದು ನೋಡಿ ಬಂದರೆ ಉಳಿದ ಕಡೆ ಏನು ಕೇಳಬೇಕು ಎಂದು ತಿಳಿಯುತ್ತದೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಅಮ್ಮ ಮೈಸೂರಿನಲ್ಲಿ. ಇಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರವೇ ಸ್ಟಾರ್ ಕೊಡುತ್ತದೆ. ಅಲ್ಲಿಯೂ ಹಾಗೆ ಏನಾದರೂ ಇದೆಯಾ?

ಉತ್ತರ: ಇಲ್ಲ. ಅಲ್ಲಿ ಹಿರಿಯರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ ಮೆಡಿಕೇರ್‌ನವರು 2008ರಿಂದ ತಪಾಸಣೆ, ಸಿಬ್ಬಂದಿ, ಆರೈಕೆಯ ಗುಣಮಟ್ಟ ಮೂರನ್ನೂ ನೋಡಿ ಒಂದರಿಂದ ಐದು ಸ್ಟಾರ್ ಕೊಡುತ್ತಾರೆ. ಇಲ್ಲಿ ಅಂಥದ್ದಿಲ್ಲ. ಗೂಗಲ್‌ನ ಸ್ಟಾರ್ ನೋಡಿ ಮೋಸ ಹೋಗಬೇಡಿ, ಅದನ್ನು ಕೊಡುವವರು ಅಲ್ಲಿ ಮಲಗಿರುವವರಲ್ಲ. ಮೈಸೂರಿನಲ್ಲಿ ನಿಮಗೆ ಚಿಕ್ಕಮ್ಮನ ಮಗಳೋ, ಹಳೇ ಸಹಪಾಠಿಯೋ ಒಬ್ಬರು ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ, ಒಂದೊಂದು ವಾರ ಒಂದೊಂದು ಹೊತ್ತಿಗೆ, ಹೇಳದೆ ಹೋಗಿ ಬರಲು ಅವರನ್ನು ಕೇಳಿಕೊಳ್ಳಿ. ಕೇಂದ್ರದ ಪತ್ರದಲ್ಲೂ ಅವರ ಹೆಸರು ಬರೆಸಿ, ಬಾಗಿಲಲ್ಲಿ ತಡೆಯದಂತೆ. ಆಯ್ಕೆ ಮಾಡುವ ಮೊದಲು ಅವರು ಸಂಜೆ ಗೇಟಿನ ಹತ್ತಿರ ನಿಂತು, ಒಳಗಿನವರನ್ನು ನೋಡಿ ಹೊರಬರುವ ಎರಡು ಮನೆಯವರನ್ನು ಮಾತಾಡಿಸಿದರೆ ಇನ್ನೂ ಒಳ್ಳೆಯದು. ಕೇಂದ್ರದವರೇ ಕೊಡುವ ಫೋನ್ ನಂಬರ್ ಅವರ ಮೆಚ್ಚಿನವರದ್ದಾಗಿರುತ್ತದೆ. ವಿಡಿಯೋ ಕಾಲ್‌ನಲ್ಲಿ ಮುಖ ಮಾತ್ರ ನೋಡಬೇಡಿ. ಕೈ, ಪಾದ, ಹಿಮ್ಮಡಿ ತೋರಿಸಲು ಹೇಳಿ. ತಿಂಗಳಿಗೊಮ್ಮೆ ತೂಕ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸರಿಯಾಗಿ ತಿನ್ನಿಸದಿದ್ದರೆ ಮುಖಕ್ಕಿಂತ ಮೊದಲು ತೂಕ ಹೇಳುತ್ತದೆ.

ಪ್ರಶ್ನೆ: ನಾವು ಮೂವರು ಮಕ್ಕಳು. ಖರ್ಚೆಲ್ಲ ನನ್ನ ಮೇಲೆಯೇ ಬಿದ್ದಿದೆ. ಅಮ್ಮನ ಮನೆ ಬರೆಸಿಕೊಂಡ ಅಣ್ಣ ಒಂದು ಪೈಸೆ ಕೊಡುವುದಿಲ್ಲ. (ದಾವಣಗೆರೆ)

ಉತ್ತರ: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲೇ ಬಂದಿದೆ. ಮಕ್ಕಳಿಂದ ಪೋಷಣೆಯ ಖರ್ಚು ಕೇಳಿ ಅರ್ಜಿ ಹಾಕಬೇಕಾದವರು ನಿಮ್ಮ ತಾಯಿ, ಆಗದಿದ್ದರೆ ಅವರ ಪರವಾಗಿ ಅವರು ಒಪ್ಪಿದ ಬೇರೆಯವರು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಇದು ನಡೆಯುತ್ತದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಮನೆ ಬರೆದುಕೊಟ್ಟು, ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲು 23ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಷರತ್ತು ಪತ್ರದಲ್ಲಿ ಬರೆದಿದೆಯಾ ಎಂದು ವಕೀಲರಿಗೆ ಮೊದಲು ತೋರಿಸಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ದುಡ್ಡು ಖರ್ಚಾಗದೆ ದಾರಿ ತಿಳಿಸುತ್ತಾರೆ. ಅಷ್ಟಕ್ಕೆ ಮೊದಲು ಅಣ್ಣನನ್ನು ಒಂದು ಸಂಜೆ ಅಮ್ಮನ ಪಕ್ಕ ಕೂರಿಸಿ, ಡೈಪರ್ ಬದಲಿಸುವ ಹೊತ್ತಿಗೆ. ಕೆಲವರು ಕಣ್ಣಾರೆ ನೋಡಿದ ಮೇಲೆ ಬದಲಾಗುತ್ತಾರೆ.

ಪ್ರಶ್ನೆ: ಅಜ್ಜಿಯ ತೋಳಿನ ಮೇಲೆ ನೀಲಿ ಗುರುತು ಕಂಡಿತು. ದೂರು ಕೊಟ್ಟರೆ ಆ ಸಿಟ್ಟನ್ನು ಅಜ್ಜಿಯ ಮೇಲೆ ತೀರಿಸುತ್ತಾರೇನೋ ಅಂತ ಭಯ. (ಶಿವಮೊಗ್ಗ)

ಉತ್ತರ: ಭಯ ಸಹಜ. ಮೊದಲು ಫೋಟೋ ತೆಗೆದು ದಿನಾಂಕ ಬರೆದಿಟ್ಟುಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಸುಮ್ನೆ ತಗುಲಿದರೂ ನೀಲಿಗಟ್ಟುತ್ತದೆ, ಅದನ್ನು ವಿಚಾರಿಸಿ. ಆದರೆ ಎರಡೂ ತೋಳಿನಲ್ಲಿ ಬೆರಳಿನಂಥ ಗುರುತು ಇದ್ದರೆ ಹಿಡಿದು ಎಳೆದಿದ್ದಾರೆ ಎಂದೇ ನನ್ನ ಅನುಮಾನ. ಯಾರೂ ಇಲ್ಲದಾಗ ಅಜ್ಜಿಯನ್ನು ಮೆಲ್ಲಗೆ ಕೇಳಿ, ಮೇಲ್ವಿಚಾರಕರಿಗೆ ಕಾಗದದಲ್ಲಿ ಬರೆದುಕೊಟ್ಟು ಸಹಿ ಪಡೆಯಿರಿ, ಮತ್ತು ಅವತ್ತಿನಿಂದ ಹೋಗುವುದನ್ನು ಜಾಸ್ತಿ ಮಾಡಿ. ಮನೆಯವರು ಆಗಾಗ ಬರುವ ರೋಗಿಯ ಮೈಮೇಲೆ ಕೈ ಮಾಡಲು ಅಲ್ಲಿಯವರು ಹಿಂಜರಿಯುತ್ತಾರೆ. ಎರಡನೇ ಗುರುತು ಕಂಡರೆ ಕಾಯಬೇಡಿ, ಹೊರಗೆ ಕರೆತಂದು ಪೊಲೀಸರಿಗೆ ತಿಳಿಸಿ. ನಷ್ಟದ ವಿಷಯಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ದುಡ್ಡು ಕೊಟ್ಟು ಪಡೆದ ಸೇವೆ ತಾನೇ ಇದು?

ಪ್ರಶ್ನೆ: ಮುಂದಿನ ವಾರ ಅತ್ತೆಯನ್ನು ಸೇರಿಸುತ್ತಿದ್ದೇವೆ. ಜೊತೆಗೆ ಏನೇನು ಕಳಿಸಬೇಕು? (ಹಾಸನ)

ಉತ್ತರ: ಒಡವೆ ಬೇಡ. ಅವರು ದಿನಾ ಹೊದೆಯುವ ಹಳೇ ಕಂಬಳಿ ಕಳಿಸಿ, ಹೊಸದು ಕೊಳ್ಳಬೇಡಿ. ಮುಂದೆ ಬಟನ್ ಇರುವ ಹತ್ತಿಯ ನೈಟಿ ನಾಲ್ಕೈದು ಇರಲಿ. ಒಂದು ಹಾಳೆಯಲ್ಲಿ ಅವರ ಬಗ್ಗೆ ಬರೆದು ಮಂಚದ ತಲೆಭಾಗಕ್ಕೆ ಅಂಟಿಸಿ: ಕಾಫಿಗೆ ಸಕ್ಕರೆ ಹಾಕುತ್ತಾರಾ ಇಲ್ಲವಾ, ಯಾವ ಮಗ್ಗುಲಲ್ಲಿ ಮಲಗಿದರೆ ನಿದ್ದೆ ಬರುತ್ತದೆ, ಯಾವ ಕಿವಿ ಸರಿಯಾಗಿ ಕೇಳುತ್ತದೆ, ಅಜ್ಜಿ ಎನ್ನಬೇಕಾ ಅಮ್ಮ ಎನ್ನಬೇಕಾ, ಶನಿವಾರ ಒಪ್ಪೊತ್ತು ಮಾಡುತ್ತಾರಾ. ಹೊಸ ಆಯಾ ಪಾಳಿಗೆ ಬಂದಾಗ ಅದನ್ನು ಓದಿಕೊಳ್ಳುತ್ತಾರೆ. ಆಯಾ ಓದುವ ಭಾಷೆ ಬೇರೆ ಆಗಿದ್ದರೆ ಅದರಲ್ಲೂ ಒಂದು ಪ್ರತಿ ಬರೆಸಿ. ಬಟ್ಟೆಗೆಲ್ಲ ದಾರದಲ್ಲಿ ಹೆಸರು ಹೊಲಿಯಿರಿ. ಹಲ್ಲುಸೆಟ್ಟಿನ ಡಬ್ಬಿಯ ಮೇಲೆ, ಕನ್ನಡಕದ ಕಡ್ಡಿಯ ಒಳಭಾಗದಲ್ಲಿ ಕೂಡ ಹೆಸರು ಬರೆಯಿರಿ. ಒಂದು ಮನೆಯಲ್ಲಿ ಇಪ್ಪತ್ತು ಕನ್ನಡಕ ಇದ್ದರೆ ಮೊದಲು ಅದಲುಬದಲಾಗುವುದು ಅವೇ. ಬೇರೆಯವರ ಕನ್ನಡಕ ಹಾಕಿಕೊಂಡು ಏನೂ ಕಾಣದೆ ಕೂತ ಅಜ್ಜಿಗೆ ಅದನ್ನು ಹೇಳಲೂ ಆಗಿರುವುದಿಲ್ಲ.